ಜಗಲಿಯ ಮೇಲಿನ ದಾರ

ಬೆಳಿಗ್ಗೆ 11.10. ವಿಜ್ಞಾನದ ಟೆಸ್ಟಿನಲ್ಲಿ ನಾಲ್ಕನೆಯ ಪ್ರಶ್ನೆಗೆ ಉಮಾಶ್ರೀಗೆ ಸೊನ್ನೆ ಬಂದಿತ್ತು.

ಪ್ರಶ್ನೆ ಇದು: ಪ್ರೊಕ್ಯಾರಿಯೋಟ್ ಮತ್ತು ಯೂಕ್ಯಾರಿಯೋಟ್ ಕೋಶಗಳ ಒಂದು ವ್ಯತ್ಯಾಸ, ಒಂದು ಹೋಲಿಕೆ ಬರೆಯಿರಿ.

ಅವಳ ಉತ್ತರ: 'ಈರುಳ್ಳಿಯ ಕೋಶದಲ್ಲಿ ಡಿಎನ್‌ಎ ಎಂಬ ದಾರಕ್ಕೆ ಬೇರೆ ಕೋಣೆ ಇದೆ. ಬ್ಯಾಕ್ಟೀರಿಯಾದಲ್ಲಿ ಕೋಣೆ ಇಲ್ಲ, ದಾರ ಜಗಲಿಯ ಮೇಲಿದೆ. ಪಕ್ಕದಲ್ಲೇ ಒಲೆ.'

ಹೋಲಿಕೆ ಹೊಳೆದಿರಲಿಲ್ಲ. ಆ ಜಾಗ ಖಾಲಿ ಇತ್ತು.

ಪಕ್ಕದ ಬೆಂಚಿನ ಗೌರೀಶ ಇಣುಕಿ ನೋಡಿದ. "ಏ ಉಮಿ, ಬ್ಯಾಕ್ಟೀರಿಯಾಕ್ಕ ಒಲಿ ಯಾಕ? ರೊಟ್ಟಿ ಬಡಿತಾವೇನ?"

ತರಗತಿಯೆಲ್ಲ ನಕ್ಕಿತು.

ಜಗಲಿಯ ಮಾತು ಉಮಾಶ್ರೀಯದಲ್ಲ, ನಾಗರತ್ನಾ ಟೀಚರ್ ಪಾಠದಲ್ಲಿ ಹೇಳಿದ್ದು. ಟೀಚರ್ ಮಂಡ್ಯ ಕಡೆಯವರು. ಸವದತ್ತಿಗೆ ಬಂದು ಎರಡು ತಿಂಗಳಾಗಿತ್ತು. ಒಲೆ ಮಾತ್ರ ಉಮಾಶ್ರೀಯ ಮನೆಯದು. ಉತ್ತರ ಸರಿ ಎನ್ನಬೇಕಾದರೆ ಮನೆಯ ವಿಷಯ ಹೇಳಬೇಕು. ಅದನ್ನು ಅವಳು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಊಟದ ಬಿಡುವಿನಲ್ಲಿ ಅವಳು ಸ್ಟಾಫ್ ರೂಮಿಗೆ ಹೋದಳು.

"ಜಗಲಿ ಮೇಲೆ ಯಾರಮ್ಮ ಒಲೆ ಹಚ್ತಾರೆ?" ಟೀಚರ್ ಕೇಳಿದರು. "ಜಗಲಿ ಅಂದ್ರೆ ಮನೆ ಮುಂದೆ ಕೂತ್ಕೊಳ್ಳೋ ಜಾಗ ಅಲ್ವಾ?"

"ಅದು ಕಟ್ಟಿರಿ, ಅಕ್ಕೋರ. ಜಗಲಿ ಅಂದ್ರ ಮನಿ ಒಳಗ ದೇವರನ್ನ ಇಡೋ ಜಾಗಾರಿ." ಉಮಾಶ್ರೀ ಒಂದು ಕ್ಷಣ ನೆಲ ನೋಡಿದಳು. "ಗೌರೀಶನ ಮನ್ಯಾಗ ದೇವರಿಗೆ ಬ್ಯಾರೆ ಕೋಣಿ ಐತ್ರಿ. ನಮ್ಮದು ಒಂದ ಖೋಲಿ. ಜಗಲಿ, ಒಲಿ, ಜ್ವಾಳದ ಚೀಲ ಎಲ್ಲಾ ಅದರಾಗ."

"ಓ! ನಾನು ಹೇಳಿದ್ದು ಹೊರಗಿನ ಜಗಲಿ."

"ಹೊರಗಿದ್ರ ದಾರ ಕೋಶದ ಹೊರಗ ಬಿತ್ತಲ್ರಿ?"

ಟೀಚರ್ ಪುಸ್ತಕ ತೆರೆದರು. ಚಿತ್ರದಲ್ಲಿ ಬ್ಯಾಕ್ಟೀರಿಯಾದ ದಾರ ಒಳಗೇ, ನಡುವೆ ಸುರುಳಿಯಾಗಿತ್ತು.

"ತಪ್ಪು ನಂದು ಕಣಮ್ಮ. ಸರಿ, ಹೋಲಿಕೆ ಯಾಕೆ ಬರೀಲಿಲ್ಲ?"

ಉಮಾಶ್ರೀ ಚಿತ್ರಗಳನ್ನು ನೋಡಿದಳು. ಒಂದು ದೊಡ್ಡದು, ಇನ್ನೊಂದು ತೀರ ಸಣ್ಣದು.

"ಎರಡಕ್ಕೂ ಸುತ್ತ ಪೊರಿ ಐತ್ರಿ. ಪ್ರೋಟೀನ್ ಮಾಡೋ ರೈಬೋಸೋಮ್, ಅಂದ್ರ ನಾ ಬರದ ಒಲಿ, ಎರಡರಾಗೂ ಅದಾವು. ದಾರಾನೂ ಐತಿ." ಸಣ್ಣ ಚಿತ್ರದ ಮೇಲೆ ಬೆರಳಿಟ್ಟಳು: "ಸಣ್ಣದರಾಗೂ ಬದುಕಾಕ ಬೇಕಾದ್ದೆಲ್ಲಾ ಐತ್ರಿ."

ಟೀಚರ್ ವ್ಯತ್ಯಾಸಕ್ಕೆ ಒಂದು ಅಂಕ ಕೊಟ್ಟರು. ಹೋಲಿಕೆಗೆ ಕೊಡಲಿಲ್ಲ, ಅದು ಹಾಳೆಯ ಮೇಲೆ ಇರಲಿಲ್ಲ.

ಮಧ್ಯಾಹ್ನ ಅವರು ಬೋರ್ಡಿನ ಮೇಲೆ ಎರಡು ಮನೆಗಳನ್ನು ಬರೆದರು. ಒಂದೇ ಖೋಲಿಯ ಮನೆಯಲ್ಲಿ ಏನೇನು ಎಲ್ಲಿರುತ್ತದೆ ಎಂದು ಕೇಳಿದಾಗ, ಉಮಾಶ್ರೀ ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡಳು.