ಗೋಂದಿಲ್ಲದ ಹನಿ

ಅವತ್ತು ನಾನು ಧಾರವಾಡದಿಂದ ಹುಬ್ಬಳ್ಳಿಯ ರೈಲು ಹತ್ತಿದ್ದು ಜಗಳ ತೆಗೆಯಲಿಕ್ಕೆ. ಅಲ್ಲಾಹನ ಆಣೆ, ಬೇರೆ ಏನೂ ತಲೆಯಲ್ಲಿರಲಿಲ್ಲ.

ಕಪ್ಪು ಬಿಳುಪಿನ ಫೋಟೊಗಳಿಗೆ ಬಣ್ಣ ತುಂಬುವುದು ನನ್ನ ಕಸುಬು. ಬಣ್ಣ ಮಾತ್ರ ಹುಬ್ಬಳ್ಳಿಯ ಮಕ್ತುಮಸಾಬರ ಅಂಗಡಿಯದೇ ಆಗಬೇಕು. ಅರೆಯುವವಳು ಅವರ ಮಗಳು ಹುಸೇನಬಿ, ಪರದೆಯ ಹಿಂದೆ ಕೂತು. ಪ್ರತಿ ಸೀಸೆಯ ಕೊರಳಿಗೆ ಅವಳೊಂದು ಚೀಟಿ ಕಟ್ಟುತ್ತಿದ್ದಳು. ಅದರ ಮೇಲೆ ಅದೇ ಬಣ್ಣದ ಒಂದು ಹನಿ, ಆರಿದ್ದು. ಹನಿ ಒಂದೇ ಸಮ ಕೂತಿದ್ದರೆ ಬಣ್ಣ ಚೊಲೊ ಎಂದರ್ಥ.

ಹಿಂದೊಮ್ಮೆ ನಾನೇ ಕೇಳಿದ್ದೆ, "ಬರೇ ನೀರಾಗ ಕಲಸಿದ್ರ ಹನಿಯ ಸುತ್ತ ಬಳಿಯಂಗ ಗೆರಿ ಯಾಕ ಬೀಳತೈತ್ರಿ?"

"ಅಂಚಿನ ನೀರು ಮೊದಲ ಆರತೈತ್ರಿ," ಎಂದಿತ್ತು ಪರದೆ. "ನಡುವಿನ ನೀರು ಅತ್ತ ಓಡತೈತಿ, ಬಣ್ಣಾನೂ ಎಳಕೊಂಡು ಹೋಗತೈತಿ. ಗೋಂದ ಹಾಕಿದ್ರ ಬಣ್ಣ ಕೂತಲ್ಲೇ ಕೂಡತೈತಿ. ನಿಮ್ಮಂಗಲ್ಲ, ಕೂತಲ್ಲಿ ಕೂಡಾಂಗಿಲ್ಲ ನೀವು."

ನಕ್ಕಿದ್ದಳು. ಪರದೆಯ ಅಂಚು ಹಿಡಿದ ಬೆರಳುಗಳಿಗೆ ನೀಲಿ ಮೆತ್ತಿತ್ತು. ಬೆರಳುಗಳ ಮೇಲ್ಗಡೆ ಒಂದು ಕಣ್ಣು, ಅರ್ಧ ನಗು. ಅಷ್ಟಕ್ಕೇ ನಾನು ಎರಡು ವರ್ಷ ವಾರವಾರವೂ ಬಣ್ಣ ಕೊಂಡೆ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಆಮೇಲೆ ಧಾರವಾಡದ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿ ಹುಬ್ಬಳ್ಳಿ ಬಿಟ್ಟೆ, ಬಣ್ಣ ಪಾರ್ಸಲ್‌ನಲ್ಲಿ ಬರತೊಡಗಿತು. ಮೂರು ತಿಂಗಳು ಅವಳ ದನಿ ಕೇಳಿರಲಿಲ್ಲ.

ಅವತ್ತು ನೋಡಿದರೆ, ನಾನು ಬಣ್ಣ ತುಂಬಿದ ಫೋಟೊದಲ್ಲಿ ವಕೀಲರೊಬ್ಬರ ಹೆಂಡತಿಯ ಗಲ್ಲದ ಮೇಲೆ ಗುಲಾಬಿ ಬಣ್ಣದ ದುಂಡನೆಯ ಗೆರೆ! ಸೀಸೆಯ ಚೀಟಿ ತೆಗೆದು ನೋಡಿದೆ, ಅದರಲ್ಲೂ ಬಳೆಯಂಥ ಗೆರೆ. ಕೆಟ್ಟಿದೆ ಎಂದು ಗೊತ್ತಿದ್ದೂ ಕಳಿಸಿದ್ದಾಳೆ. ಎಷ್ಟು ಸೊಕ್ಕು!

"ಬಾರಪಾ ಬಂದೇನವಾಜ," ಎಂದರು ಮಕ್ತುಮಸಾಬರು, ನಾನು ಅಂಗಡಿಯ ಮೆಟ್ಟಿಲು ಹತ್ತುತ್ತಲೇ. "ಲಗೂ ಹೇಳು. ಮಧ್ಯಾಹ್ನಕ್ಕ ಸವಣೂರಿನವರು ಬರಾಕತ್ತಾರ, ಹುಸೇನಬೀನ ನೋಡಾಕ."

ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಆದರೂ ಹಾಳು ನಾಲಿಗೆ ಸುಮ್ಮನಿರಬೇಕಲ್ಲ. "ಈ ಚೀಟಿ ನೋಡ್ರಿ ಚಾಚಾ. ವಕೀಲರ ಮನಿಯವರ ಫೋಟೊ ಕೆಟ್ಟು ಹೋತು. ಇಂಥಾ ಬಣ್ಣ ಕಳಸ್ತಾರೇನ್ರಿ?"

ಅವರು ಚೀಟಿಯನ್ನು ಕಣ್ಣ ಹತ್ತಿರ ಹಿಡಿದರು. ಅದೇ ಬಣ್ಣದ ದೊಡ್ಡ ಜಾಡಿಯಿಂದ ಒಂದು ಹನಿ ಹೊಸ ಕಾಗದದ ಮೇಲೆ ಬಿಟ್ಟರು. "ಕೂಡು. ಆರಲಿ."

ಒಂದು ಹನಿ ಆರಲು ಎಷ್ಟು ಹೊತ್ತು ಬೇಕು ಎಂದು ಅವತ್ತು ತಿಳಿಯಿತು. ಬಿಸಿಲು ಕಾಗದದ ಮೇಲಿತ್ತು. ಪರದೆಯ ಹಿಂದೆ ಅರೆಯುವ ಸದ್ದು ನಿಂತಿತ್ತು. ಅಂಚಿನಲ್ಲಿ ಗುಲಾಬಿ ಮೆತ್ತಿದ ಬೆರಳುಗಳು ಕಂಡವು, ಮೇಲೆ ಅದೇ ಕಣ್ಣು. ಈ ಸಲ ಅದರಲ್ಲಿ ನಗುವಿರಲಿಲ್ಲ, ನೀರಿತ್ತು.

ಹನಿ ಆರಿತು. ಅಂಚಿನಿಂದ ನಡುವಿನವರೆಗೂ ಒಂದೇ ಸಮ, ಗೆರೆಯಿಲ್ಲ.

"ಜಾಡಿ ಬಣ್ಣ ಚೊಲೊ ಐತಿ," ಎಂದರು ಮಕ್ತುಮಸಾಬರು ನಿಧಾನವಾಗಿ. "ನಿನ್ನ ಸೀಸೆಗೆ ಮಾತ್ರ ಗೋಂದ ಬಿದ್ದಿಲ್ಲ. ಹತ್ತು ವರ್ಷದಾಗ ಆಕಿ ಒಮ್ಮೆನೂ ಮರ್ತಿಲ್ಲಪಾ."

ಪರದೆಯ ಹಿಂದೆ ಬಳೆಗಳು ಸದ್ದು ಮಾಡಿದವು.

ಯಾ ಅಲ್ಲಾಹ್, ಎಂಥ ಹೆಡ್ಡ ನಾನು! ನಾನು ಬರಲೆಂದು ಬೇಕೆಂದೇ ಗೋಂದು ಬಿಟ್ಟಿದ್ದಳು. ಓದು ಬರಹ ಬಾರದವಳು ಇನ್ನು ಹೇಗೆ ಕರೆದಾಳು? ಕರೆದವಳ ಮೇಲೆಯೇ ಫಿರ್ಯಾದು ತಂದಿದ್ದೆ.

"ತಪ್ಪು ನಂದ್ರಿ ಚಾಚಾ," ಎಂದೆ. "ಮೂರು ತಿಂಗಳ ಹಿಂದನ ಬರಬೇಕಿತ್ತು. ಸವಣೂರಿನವರಿಗೆ ಬ್ಯಾಡ ಅನ್ರಿ. ಹುಸೇನಬೀನ ನನಗ ಕೊಡ್ರಿ."

ಅವರು ಗಡ್ಡ ನೀವಿಕೊಂಡು ಪರದೆಯತ್ತ ತಿರುಗಿದರು. "ಏನವಾ, ಏನಂತೀ?"

ಪರದೆಯ ಹಿಂದಿನಿಂದ ಸಣ್ಣ ದನಿ, "ಇವರು ಬರೂದು ತಡಾ ಮಾಡಿದ್ರು ಅಬ್ಬಾ. ನಾ ಒಲ್ಲೆ ಅನ್ನಾಂಗಿಲ್ಲ."

ಮಕ್ತುಮಸಾಬರು ಜೋರಾಗಿ ನಕ್ಕುಬಿಟ್ಟರು. "ನಾಳೆ ನಿಮ್ಮ ಅಮ್ಮೀನ ಕರಕೊಂಡು ಬಾ. ವಕೀಲರ ಫೋಟೊ ಮೊದಲ ಸರಿ ಮಾಡು."

ಈಗ ನಮ್ಮ ಮನೆ ಧಾರವಾಡದಲ್ಲಿ. ಅವಳು ಇಲ್ಲೇ ಬಣ್ಣ ಅರೆಯುತ್ತಾಳೆ. ಒಮ್ಮೊಮ್ಮೆ ಸ್ಟುಡಿಯೋದಲ್ಲಿ ಬುತ್ತಿ ಬಿಚ್ಚಿದರೆ ರೊಟ್ಟಿಯ ನಡುವೆ ಒಂದು ಚೀಟಿ, ಅದರಲ್ಲಿ ಬಳೆ ಬಿದ್ದ ಗುಲಾಬಿ ಹನಿ. ಕುಂಚ ತೊಳೆದಿಟ್ಟು ಲಗೂ ಮನೆಗೆ ಹೋಗುತ್ತೇನೆ.