ಆರನೇ ಮಂಚದ ನೀಲಿ ಬಾಟಲಿ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಪೊಲೀಸರ ಕೆಲಸ ಬಲ್ಲವರೋ ಆಸ್ಪತ್ರೆಯ ಕೆಲಸ ಬಲ್ಲವರೋ ಇದನ್ನು ಇನ್ನಷ್ಟು ಸರಿಯಾಗಿ ಹೇಳಿಯಾರು. ಎರಡನ್ನೂ ಹೊರಗೆ ನಿಂತು ಕಂಡವರ ಮಾತಿದು. ಎಲ್ಲಾದರೂ ತಪ್ಪು ನುಸುಳಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ.

2009ರ ಆಗಸ್ಟ್ 4, ಮಂಗಳವಾರ. ಬೆಳಿಗ್ಗೆ ಎಂಟೂವರೆಗೆ ಪೊಳ್ಳಾಚಿ ಹತ್ತಿರದ ಠಾಣೆಯೊಂದಕ್ಕೆ ಪಾಪಾತಿ ಎಂಬ ಹೆಂಗಸು ಬಂದಳು. ಆನೈಮಲೈ ಕಡೆ ತೆಂಗಿನ ತೋಟವಿದ್ದ ಮನೆಯವಳು. ಗಂಡ ಚಿನ್ನಸಾಮಿಗೆ ಹಿಂದಿನ ವಾರ ಹರ್ನಿಯಾ ಆಪರೇಷನ್ ಆಗಿತ್ತು. ಗಾಯ ಕೀವಾಗಿ, ಜ್ವರ ಏರಿ, ಅಂದು ನಸುಕಿನಲ್ಲಿ ಪ್ರಾಣ ಹೋಗಿತ್ತು. ಅಳುವುದನ್ನೆಲ್ಲ ಆಸ್ಪತ್ರೆಯಲ್ಲೇ ಮುಗಿಸಿಕೊಂಡು ಬಂದವಳಂತೆ ಅವಳು ನೇರವಾಗಿ ಇನ್‌ಸ್ಪೆಕ್ಟರ್ ರಾಮಮೂರ್ತಿಯ ಮೇಜಿನ ಮುಂದೆ ನಿಂತಳು.

ರಾಮಮೂರ್ತಿ ಫೋನಿನಲ್ಲಿ ತನ್ನ ತಾಯಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ. ಅವನ ಮನೆಯವರು ತಲೆತಲಾಂತರದಿಂದ ಈ ಸೀಮೆಯಲ್ಲೇ ನೆಲೆಸಿದ ಕನ್ನಡದವರು. ಕನ್ನಡ ಅಕ್ಷರ ಅವನಿಗೆ ಬಾರದು, ಮಾತು ಮಾತ್ರ ಉಳಿದಿತ್ತು. ಅದು ಕಿವಿಗೆ ಬಿದ್ದದ್ದೇ ಪಾಪಾತಿ ತಮಿಳು ಬಿಟ್ಟು ತನ್ನ ಮನೆಮಾತಾದ ಕನ್ನಡಕ್ಕೆ ಬಂದಳು, ತಮಿಳಿನ ಮರ್ಯಾದೆಯ ‘ಂಗ’ ಮಾತ್ರ ನಾಲಿಗೆಯಲ್ಲಿ ಉಳಿದಿತ್ತು.

“ಬಸ್ ಇಳಿದು ನಡಕೊಂಡೇ ಒಳಗೆ ಹೋದವರುಂಗ ಸಾರ್. ಅದೇ ವಾರ್ಡಲ್ಲಿ ಇನ್ನೂ ಮೂರು ಜನಕ್ಕೆ ಗಾಯ ಕೆಟ್ಟಿದೆ. ನಾಲ್ಕನೇ ಮಂಚದ ತಾತನಿಗೆ ನೆನ್ನೆಯಿಂದ ಜುರ. ಒಬ್ಬರಿಗಾದ್ರೆ ವಿಧಿ ಅನ್ನಬಹುದು. ನಾಲ್ಕು ಜನಕ್ಕೂ ವಿಧಿ ಒಟ್ಟಿಗೆ ಬರುತ್ತಾಂಗ?”

ಅಜಾಗರೂಕತೆಯಿಂದ ಸಾವು ತಂದ ಆರೋಪದ ಕಲಂ 304ಎ ಅಡಿ ಎಫ್‌ಐಆರ್ ದಾಖಲಾಯಿತು. ಶವವನ್ನು ಸರಕಾರಿ ಆಸ್ಪತ್ರೆಗೆ ಮರಣೋತ್ತರ ಪರೀಕ್ಷೆಗೆ ಕಳಿಸಿ, ರಾಮಮೂರ್ತಿ ಹೆಡ್ ಕಾನ್‌ಸ್ಟೆಬಲ್ ಕನ್ನಿಯಮ್ಮಾಳನ್ನು ಕರೆದುಕೊಂಡು ಹೊರಟ.

ಗಂಡಸರ ಸರ್ಜಿಕಲ್ ವಾರ್ಡು ಕಣ್ಣಿಗೆ ಸ್ವಚ್ಛವಾಗಿಯೇ ಇತ್ತು. ಪ್ರತಿ ಮಂಚದ ಕಾಲಬದಿಯಲ್ಲಿ ಒಂದೊಂದು ನೀಲಿ ಬಾಟಲಿ ತೂಗುತ್ತಿತ್ತು. ಬಾಗಿಲ ಬಳಿ ದೊಡ್ಡ ಚಾರ್ಟು. ಅದರಲ್ಲಿ ಒಬ್ಬೊಬ್ಬ ನರ್ಸಿನ ಹೆಸರು, ಹೆಸರಿನ ಮುಂದೆ ಹಸಿರು ಇಲ್ಲವೇ ಕೆಂಪು ಪಟ್ಟಿ. ಇದೇನೆಂದು ಕೇಳಿದಾಗ ವಾರ್ಡಿನ ಸಿಸ್ಟರ್ ಇಂದುಜಾ ವಿವರಿಸಿದಳು. ನಲವತ್ತರ ಹತ್ತಿರದ ಹೆಂಗಸು, ವೆಳ್ಳಕೋಯಿಲ್ ಕಡೆಯವಳು, ಕೈಗೆ ಗ್ಲೌಸ್ ಹಾಕಿಕೊಂಡಿದ್ದಳು.

ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಮೂವರು ವಿದ್ಯಾರ್ಥಿಗಳ ಪ್ರಾಜೆಕ್ಟ್ ಅದು. ಹಿನಾ, ಶ್ರೇಯಾ, ಮೆಲ್ವಿನ್, ಮೂವರೂ ಕರ್ನಾಟಕದಿಂದ ಬಂದು ಓದುತ್ತಿದ್ದವರು. ರೋಗಿಯನ್ನು ಮುಟ್ಟುವ ಮೊದಲು ನರ್ಸುಗಳು ಮೂಲೆಯ ನಲ್ಲಿಗೆ ಹೋಗಿ ಸೋಪು ಹಾಕುವ ಬದಲು, ಮಂಚದ ಬಳಿಯೇ ಸ್ಪಿರಿಟ್ ಉಜ್ಜಿಕೊಂಡರೆ ಸೋಂಕು ಕಡಿಮೆಯಾಗುತ್ತದೆಯೇ ಎಂಬುದನ್ನು ಪುರಾವೆ ಸಮೇತ ತೋರಿಸಬೇಕಿತ್ತು. ಹಿನಾ ಕಾಲೇಜಿನ ಲ್ಯಾಬಿನಲ್ಲಿ ಸ್ಪಿರಿಟ್, ಗ್ಲಿಸರಿನ್ ಬೆರೆಸಿ ಬಣ್ಣ ಹಾಕಿ ಕ್ಯಾನಿನಲ್ಲಿ ತರುವುದು. ಶ್ರೇಯಾ ಲ್ಯಾಬಿನಲ್ಲಿ ಸೋಂಕು ಪರೀಕ್ಷಿಸುವುದು. ಮೆಲ್ವಿನ್ ಪೆನ್ನು ಹಿಡಿದು ವಾರ್ಡಿನಲ್ಲಿ ನಿಂತು ಉಜ್ಜಿಕೊಂಡವರಿಗೆ ಚಾರ್ಟಿನಲ್ಲಿ ಹಸಿರು, ಉಜ್ಜಿಕೊಳ್ಳದವರಿಗೆ ಕೆಂಪು ಗುರುತು ಹಾಕುವುದು.

ರಾಮಮೂರ್ತಿ ಚಿನ್ನಸಾಮಿ ಮಲಗಿದ್ದ ಆರನೇ ಮಂಚದ ಬಾಟಲಿಯನ್ನು ಒತ್ತಿ ಕೈಗೆ ಹಾಕಿಕೊಂಡ. ಹಿಂದಿನ ದಿನ ಎಳನೀರು ಕೆತ್ತುವಾಗ ಅವನ ಹೆಬ್ಬೆರಳು ಕೊಯ್ದಿತ್ತು. ಉರಿಯಬೇಕಿತ್ತು. ಉರಿಯಲಿಲ್ಲ. ಕೈ ಒದ್ದೆಯಾಗಿಯೇ ಉಳಿಯಿತು. ಅಲ್ಲಿಂದ ಹೆಂಗಸರ ವಾರ್ಡಿಗೆ ಹೋಗಿ ಅಲ್ಲಿನ ಬಾಟಲಿ ಒತ್ತಿದ. ಹೆಬ್ಬೆರಳು ಚುರ್ರೆಂದಿತು, ಅಂಗೈ ತಣ್ಣಗಾಗಿ ಎರಡು ಉಸಿರಿನಲ್ಲಿ ಆರಿತು.

ಪಂಚರ ಸಮಕ್ಷಮ ಬಾಟಲಿಗಳನ್ನು ವಶಪಡಿಸಿಕೊಂಡು ಪಂಚನಾಮೆ ಮಾಡಿದರು. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆಗಲೇ ತೀರ್ಮಾನಕ್ಕೆ ಬಂದಾಗಿತ್ತು. ಬೆರೆಸಿದ್ದು ಹಿನಾ, ತಂದದ್ದು ಹಿನಾ, ಆದ್ದರಿಂದ ತಪ್ಪೂ ಹಿನಾಳದ್ದೇ.

ಮರುದಿನ ಹಿನಾಳನ್ನು ಠಾಣೆಗೆ ಕರೆಸಿದರು. ಬಿಳಿಚಿಕೊಂಡ ಮುಖ, ಸೆರಗಿನಂತೆ ಹೊದ್ದ ದುಪಟ್ಟ.

“ಕೂತ್ಕೋ ಕಣ್ಣು. ಬಯಪ್ಪಡಬೇಡ,” ಎಂದ ರಾಮಮೂರ್ತಿ.

ಕಣ್ಣಿಗೇನೋ ಅಂಟಿದೆ ಎಂದುಕೊಂಡು ಅವಳು ಕಣ್ಣೊರೆಸಿಕೊಂಡಳು. ಅದು ಇಲ್ಲಿ ಮಕ್ಕಳನ್ನು ಕರೆಯುವ ರೀತಿ ಎಂದು ಕನ್ನಿಯಮ್ಮಾಳ್ ನಗುತ್ತ ಹೇಳಬೇಕಾಯಿತು. ಹುಡುಗಿ ನಗಲಿಲ್ಲ. ಈ ಕೇಸಿನಲ್ಲಿ ತನ್ನ ಹೆಸರು ಸೇರಿದರೆ ನರ್ಸಾಗಿ ನೋಂದಣಿ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ದಾವಣಗೆರೆಯಲ್ಲಿ ಅವಳ ಅಪ್ಪ ಮಗಳು ಸಿಸ್ಟರ್ ಆಗುತ್ತಾಳೆಂದು ಬೀದಿಗೆಲ್ಲ ಹೇಳಿಯಾಗಿತ್ತು.

“ಹೆಂಗಸರ ವಾರ್ಡಿಗೂ ಅದೇ ಕ್ಯಾನಿಂದಾನೇ ಕೊಟ್ಟಿದ್ದು ಸರ್,” ಎಂದಳು. “ಅಲ್ಲಿ ಸರಿಯಾಗಿದೆ ಅಂದ್ರೆ ನಾನು ಬೆರೆಸಿದ್ದು ಸರಿಯಾಗೇ ಇದೆ.”

“ದಾರಿಯಲ್ಲಿ ನೀನೇ ಬದಲಾಯಿಸಿರಬಹುದಲ್ಲ?”

ಅವಳು ಮೇಜಿನ ಮೇಲೆ ಮೊಹರು ಹಾಕಿಟ್ಟಿದ್ದ ಬಾಟಲಿಯ ಕಡೆ ದಿಟ್ಟಿಸಿ ಮುಂದಕ್ಕೆ ಬಾಗಿದಳು. ಹಿಂದಿನ ದಿನದಿಂದ ಅಲುಗದೆ ಇದ್ದ ಬಾಟಲಿಯಲ್ಲಿ ಮೇಲೆಲ್ಲ ತಿಳಿನೀರು. ನೀಲಿ ಬಣ್ಣ ಪುಡಿಯಾಗಿ ತಳಕ್ಕೆ ಕೂತಿತ್ತು.

“ನಮ್ಮ ಬಣ್ಣ ಕೆಳಗೆ ಕೂರಲ್ಲ ಸರ್.”

ಕನ್ನಿಯಮ್ಮಾಳ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಗಂಡನ ಬಿಳಿ ಪಂಚೆಗೆ ವಾರಕ್ಕೊಮ್ಮೆ ಹಾಕುವ ನೀಲಿಪುಡಿ ಅವಳಿಗೆ ಹೊಸದಲ್ಲ. ಬಿಳಿ ಬಟ್ಟೆ ಉಡುವವರ ಮನೆಯಲ್ಲಿ ಇರುವಂಥದ್ದು. ಆಸ್ಪತ್ರೆಯಲ್ಲಿ ಬಿಳಿ ಸಮವಸ್ತ್ರ ಸಿಸ್ಟರುಗಳದ್ದು. ಆದರೆ ವಿದ್ಯಾರ್ಥಿನಿಯರ ಚೌಕಳಿ ಉಡುಪಿನ ಮೇಲೂ ಬಿಳಿ ಕೋಟು ಇರುತ್ತದೆ. ಹಾಸ್ಟೆಲಿನ ಬಚ್ಚಲಲ್ಲೂ ನೀಲಿಪುಡಿಯ ಪೊಟ್ಟಣ ಸಿಕ್ಕಿತು. ಹುಡುಗಿಯ ಮೇಲಿನ ಸಂಶಯ ಕರಗಲಿಲ್ಲ.

ಮುಂದಿನ ದಿನಗಳು ಹಾಗೇ ಉರುಳಿದವು. ಬಾಟಲಿಗಳು ಕೊಯಮತ್ತೂರಿನ ಪ್ರಯೋಗಾಲಯಕ್ಕೆ ಹೋದವು. ವಾರ್ಡಿನಲ್ಲಿ ಮತ್ತೆ ಸೋಪು ಬಂತು. ನಾಲ್ಕನೇ ಮಂಚದ ಮುದುಕನ ಜ್ವರ ಮಾತ್ರ ಇಳಿಯಲಿಲ್ಲ. ರಾಮಮೂರ್ತಿ ಹೋದಾಗಲೆಲ್ಲ ಅವನು ಸೂರು ನೋಡುತ್ತ ಮಲಗಿರುತ್ತಿದ್ದ. ನೀರು ಯಾರು ತುಂಬಿದರು ಎಂಬುದಕ್ಕಿಂತ ಏಕೆ ತುಂಬಿದರು ಎಂಬುದೇ ರಾಮಮೂರ್ತಿಯನ್ನು ಕಾಡುತ್ತಿತ್ತು. ಸ್ಪಿರಿಟನ್ನು ಯಾರಾದರೂ ಕದ್ದು ಮಾರಿದ ಸುಳಿವು ಎಲ್ಲೂ ಸಿಗಲಿಲ್ಲ. ಸುಮ್ಮನೆ ಚೆಲ್ಲಿದಂತಿತ್ತು. ಚೆಲ್ಲಿ ಲಾಭವೇನು?

ಆಗಸ್ಟ್ 14, ಶುಕ್ರವಾರ. ಗಾಯದ ಸೋಂಕು ರಕ್ತಕ್ಕೆ ಸೇರಿ ಸಾವು ಸಂಭವಿಸಿದೆ ಎಂದು ಸರಕಾರಿ ವೈದ್ಯರ ಅಭಿಪ್ರಾಯ ಬಂತು. ಅದರ ಬೆನ್ನಿಗೇ ಡಿಎಸ್‌ಪಿಯ ಫೋನು. ವಿದ್ಯಾರ್ಥಿನಿಯನ್ನು ಇಂದೇ ಬಂಧಿಸಬೇಕು ಎಂದು ಆಜ್ಞೆ. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಅಂದರೆ ಸಂಜೆಯೊಳಗೆ ಹಿನಾ ಠಾಣೆಯಲ್ಲಿರಬೇಕು.

ರಾಮಮೂರ್ತಿ ಟೋಪಿ ಎತ್ತಿಕೊಳ್ಳುವಾಗ ಪಾಪಾತಿ ಒಳಗೆ ನುಗ್ಗಿದಳು. ಬೆರಳ ತುದಿಗಳು ಮೆಣಸಿನಕಾಯಿಗೆ ಕೆಂಪಾಗಿದ್ದವು.

“ಯಾರನ್ನ ಹಿಡಿದ್ರಿಂಗ? ನನಗೆ ಒಂದು ಮಾತು ಹೇಳದೇನೇ?”

ಯಾರನ್ನೂ ಹಿಡಿದಿಲ್ಲ ಎಂದ ರಾಮಮೂರ್ತಿ.

“ಹಂಗಂದ್ರೆ ನನ್ನ ಮೆಣಸಿಗೆ ಎಣ್ಣೆ ಕೊಟ್ಟವರು ಯಾರು?”

ಕನ್ನಿಯಮ್ಮಾಳ್ ಕೂತಲ್ಲಿಂದ ಎದ್ದಳು. ಅವಳೂ ಆನೈಮಲೈಯವಳೇ. ಮಾಸಾಣಿ ಅಮ್ಮನ ಗುಡಿಯಲ್ಲಿ, ಅನ್ಯಾಯವಾದವರು ಒಣಮೆಣಸಿನಕಾಯಿ ಅರೆದು ಕಲ್ಲಿಗೆ ಬಳಿಯುತ್ತಾರೆ. ಕೇಡು ಮಾಡಿದವರ ಮೈ ಉರಿಯಲಿ, ಅವರು ತಾವಾಗಿ ಹೊರಬೀಳಲಿ ಎಂಬ ಹರಕೆ. ಅಪರಾಧಿ ಸಿಕ್ಕ ಮೇಲೆ ಅರೆದವರೇ ಬಂದು ಎಣ್ಣೆ ಕೊಟ್ಟು ಅಮ್ಮನನ್ನು ತಣಿಸಬೇಕು. ಪಾಪಾತಿ ಹಿಂದಿನ ಶುಕ್ರವಾರ ಅರೆದಿದ್ದಳು. ಗಂಡನ ಬಟ್ಟೆಬರೆ ಒಯ್ಯಲು ಬಂದಾಗ ಅದನ್ನು ವಾರ್ಡಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಯೂ ಬಂದಿದ್ದಳು. ಇಂದು ಮತ್ತೆ ಅರೆಯಲು ಕೂತಿದ್ದಾಗ, ಗುಡಿಯೆದುರು ಮೆಣಸು ಮಾರುವ ಪಳನಿಯಮ್ಮಾಳ್, “ಇನ್ನೇಕೆ ಅರೆಯುತ್ತಿ, ಮಂಗಳವಾರ ನಿನ್ನ ತಂಗಿ ಬಂದು ಎಣ್ಣೆ ಕೊಟ್ಟು ಹೋದಳಲ್ಲ, ಚಿನ್ನಸಾಮಿ ಹೆಸರಿಗೆ” ಅಂದಳಂತೆ.

“ನನಗೆ ತಂಗಿ ಇಲ್ಲಿಂಗ,” ಎಂದಳು ಪಾಪಾತಿ.

ಬಂದವಳ ಚಹರೆ ಪಳನಿಯಮ್ಮಾಳಿಗೆ ಸರಿಯಾಗಿ ನೆನಪಿರಲಿಲ್ಲ. ಕೈ ಮಾತ್ರ ನೆನಪಿತ್ತು. ಎಣ್ಣೆಯ ಬಟ್ಟಲು ಹಿಡಿದ ಕೈ ಹುಣಸೆ ಮರದ ತೊಗಟೆಯ ಹಾಗೆ ಸೀಳಿತ್ತು.

ರಾಮಮೂರ್ತಿ ಟೋಪಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಕೇಳಿದ. “ಗಂಡನ ಹತ್ತಿರ ಕೂತಿದ್ದಾಗ ಆ ಬಾಟಲಿಯನ್ನ ಯಾರಾದ್ರೂ ಮುಟ್ಟಿದ್ದು ನೋಡಿದ್ಯಾಮ್ಮಾ?”

“ಎಲ್ಲಾರೂ ಮುಟ್ಟತಾ ಇದ್ರು. ವಾರ್ಡಿನ ದೊಡ್ಡ ಸಿಸ್ಟರ್ ಕಾಲೈಲಿ, ಬೆಳಗಾಗ್ತಿದ್ದಂಗೇ ಬಂದು ಒಂದೊಂದನ್ನೂ ಕುಲುಕಿ ಕುಲುಕಿ ಇಡೋರು. ಎಷ್ಟು ಅಕ್ಕರೆ ನೋಡು ಅಂತ ನಮ್ಮವರೇ ಅಂದ್ರು.”

ಕುಲುಕದಿದ್ದರೆ ನೀಲಿ ತಳಕ್ಕೆ ಕೂರುತ್ತದೆ. ನಿಜವಾದ ಔಷಧವನ್ನು ಕುಲುಕುವ ಅಗತ್ಯವೇ ಇಲ್ಲ.

ಆಸ್ಪತ್ರೆಯ ಮೆಟ್ಟಿಲ ಬಳಿ ಮೆಲ್ವಿನ್ ಸಿಕ್ಕ. ಮಂಗಳೂರು ಕಡೆಯ ಉದ್ದನೆಯ ಹುಡುಗ. ಹತ್ತು ದಿನದಲ್ಲಿ ಇನ್ನೂ ಉದ್ದವಾದಂತೆ ಸೊರಗಿದ್ದ. ಇಂದುಜಾ ಸಿಸ್ಟರ್ ಕೈ ಉಜ್ಜಿಕೊಳ್ಳುತ್ತಿದ್ದರೇ ಎಂದು ರಾಮಮೂರ್ತಿ ಕೇಳಿದ.

“ಮೊದಲ ವಾರ ಇಲ್ಲ ಸರ್. ಚಾರ್ಟಲ್ಲಿ ಅವರೊಬ್ಬರದ್ದೇ ಪೂರ್ತಿ ಕೆಂಪು. ಸೂಪರಿಂಟೆಂಡೆಂಟ್ ಮೀಟಿಂಗಲ್ಲಿ ಎಲ್ಲರೆದುರು ಓದಿ ಹೇಳಿದರು. ಆಮೇಲೆ ನೋಡಬೇಕು, ಅವರಷ್ಟು ಚೆನ್ನಾಗಿ ಯಾರೂ ಉಜ್ಜುತ್ತಿರಲಿಲ್ಲ. ಉಜ್ಜಿ, ಟವೆಲಿಂದ ಒರೆಸಿಕೊಂಡು...” ಎಂದವನು ಅಲ್ಲೇ ನಿಂತ. “ಸ್ಪಿರಿಟ್ ತಾನೇ ಆರುತ್ತೆ ಸರ್. ಒರೆಸಿಕೊಳ್ಳೋದು ನೀರನ್ನ. ನಾನು ದೂರದಲ್ಲಿ, ಬಾಗಿಲ ಹತ್ತಿರ ನಿಂತು ಪ್ರತಿ ಸಲ ನೋಡಿದೀನಿ. ನೋಡಿ ಹಸಿರು ಹಾಕಿದೀನಿ.”

ವಾರ್ಡಿಗೆ ಹೋದಾಗ ಐದು ಗಂಟೆ ದಾಟಿತ್ತು. ಪಶ್ಚಿಮದ ಕಿಟಕಿಯಿಂದ ಬಿಸಿಲು ಮಂಚಗಳ ಮೇಲೆ ಅಡ್ಡ ಬಿದ್ದಿತ್ತು. ರಾಮಮೂರ್ತಿ ಸಿಸ್ಟರ್ ಕೋಣೆಯಲ್ಲಿ ಕೂತು, ಕಾಲೇಜಿನ ಕ್ಯಾನಿನಿಂದ ತುಂಬಿಸಿ ತಂದಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟ. ಮೊದಲು ತಾನೇ ಹಾಕಿಕೊಂಡ. ಹೆಬ್ಬೆರಳಿನ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ, ಮುಖ ಕಿವುಚಿತು. ಅದನ್ನು ಮರೆಮಾಡಲಿಲ್ಲ.

“ಗ್ಲೌಸ್ ತೆಗೀರಿ, ಸಿಸ್ಟರ್. ನೀವೂ ಹಾಕ್ಕೊಳ್ಳಿ.”

ಇಂದುಜಾ ಬಾಟಲಿ ನೋಡಿದಳು. ಕನ್ನಿಯಮ್ಮಾಳ್ ಬಾಗಿಲಿಗೆ ಅಡ್ಡ ನಿಂತಿದ್ದಳು. ಗ್ಲೌಸ್ ಕಳಚಿದಾಗ ಒಳಗಿನ ಕೈಗಳು ಕಂಡವು. ಗೆಣ್ಣುಗೆಣ್ಣಿಗೂ ಬಿರುಕು, ಬಿರುಕಿನಲ್ಲಿ ರಕ್ತದ ಕೆಂಪು, ಅಂಗೈ ಪೂರ್ತಿ ಸುಲಿದ ಸಿಪ್ಪೆಯಂತಿತ್ತು.

ಅವಳು ಬಾಟಲಿ ಒತ್ತಿದಳು. ಬೇಡವೆಂದು ರಾಮಮೂರ್ತಿ ಕೈ ಎತ್ತುವಷ್ಟರಲ್ಲಿ ಉಜ್ಜಲು ಶುರು ಮಾಡಿದ್ದಳು. ಅಂಗೈಗೆ ಅಂಗೈ, ಬೆರಳ ಸಂದು, ಹೆಬ್ಬೆರಳ ಸುತ್ತ, ಉಗುರ ತುದಿ. ವಿದ್ಯಾರ್ಥಿಗಳು ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿದ್ದ ಪ್ರತಿಯೊಂದನ್ನೂ ಬಿಡದೆ ಮಾಡಿದಳು. ಕಣ್ಣೀರು ಗಲ್ಲದಿಂದ ಇಳಿದು ಬಿಳಿ ಸಮವಸ್ತ್ರದ ಮೇಲೆ ಬಿತ್ತು. ಈ ಸಲ ಟವೆಲಿಗೆ ಕೈ ಚಾಚಲಿಲ್ಲ.

“ಆ ಹುಡುಗ ಪೆನ್ನು ಹಿಡಿದು ನಿಲ್ಲೋದು ಒಂದೇ ತಿಂಗಳು ಅಂತ ಹೇಳಿದ್ದರು ಸಾರ್,” ಎಂದಳು ತಮಿಳಿನಲ್ಲಿ. “ಒಂದು ತಿಂಗಳು ಕಳೆದರೆ ಸಾಕಾಗಿತ್ತು.”

“ಕೈ ಹೀಗಿದೆ ಅಂತ ಹೇಳಬಹುದಿತ್ತಲ್ಲ?”

“ಹೇಳಿದರೆ ವಾರ್ಡಿಂದ ತೆಗೀತಾರೆ. ಇಂಥ ಕೈಯಿರುವ ನರ್ಸನ್ನ ಗಾಯದ ಹತ್ತಿರ ಯಾರು ಬಿಡ್ತಾರೆ?” ಅದಕ್ಕೆ ತಾನೇ ಉತ್ತರ ಹೇಳಿದಳು. “ಬಿಡಬಾರದು. ನಾನೇ ಹುಡುಗಿಯರಿಗೆ ಪಾಠ ಮಾಡಿದೀನಿ.”

“ಮಾಸಾಣಿ ಅಮ್ಮನಿಗೆ ಎಣ್ಣೆ?” ಎಂದಳು ಕನ್ನಿಯಮ್ಮಾಳ್.

“ಆ ಹೆಂಗಸು ಮೆಣಸು ಅರೆದೆ ಅಂದ ದಿನದಿಂದ ನಿದ್ದೆ ಇಲ್ಲ ಅಕ್ಕಾ. ಕೈ ಮೊದಲೂ ಉರೀತಿತ್ತು. ಆದರೆ ಈಗಿನ ಹಾಗಲ್ಲ.”

ಕೋಣೆಯ ಕಪಾಟಿನಲ್ಲಿ ನೀಲಿಪುಡಿಯ ಪೊಟ್ಟಣವೂ ನೀಲಿ ಕಲೆಯಾದ ಲಾಳಿಕೆಯೂ ಸಿಕ್ಕವು. ಪಂಚನಾಮೆಯಾಯಿತು. ಔಷಧದ ಕಲಬೆರಕೆಯ ಕಲಮನ್ನೂ ಸೇರಿಸಿ, ಹೊತ್ತು ಮುಳುಗುವ ಮೊದಲು ಇಂದುಜಾಳನ್ನು ಬಂಧಿಸಿದರು. ಜೀಪಿಗೆ ಹತ್ತಿಸುವಾಗ ಕನ್ನಿಯಮ್ಮಾಳ್ ಅವಳ ಕೈ ಹಿಡಿಯಲಿಲ್ಲ, ಮೊಣಕೈ ಹಿಡಿದಳು.

ಹತ್ತೊಂಬತ್ತನೆಯ ವಯಸ್ಸಿನಿಂದ ಇಂದುಜಾ ಮಾಡಿದ್ದು ಒಂದೇ ಕೆಲಸ. ಸೋಪು, ಡೆಟಾಲು, ಸ್ಪಿರಿಟ್ಟು ವರ್ಷ ವರ್ಷ ಸೇರಿ ಕೈ ತಿಂದಿದ್ದವು. ಗ್ಲೌಸಿನೊಳಗೆ ಅದನ್ನು ಬಚ್ಚಿಟ್ಟುಕೊಂಡೇ ಬಂದಿದ್ದಳು, ಬಾಗಿಲಲ್ಲಿ ಚಾರ್ಟು ತೂಗುವ ತನಕ. ಯಾರನ್ನೂ ಕೊಲ್ಲುವುದು ಅವಳ ಮನಸ್ಸಿನಲ್ಲಿರಲಿಲ್ಲ. ಉರಿಯಿಲ್ಲದೆ ಉಜ್ಜಿಕೊಳ್ಳುವಂಥದ್ದೊಂದು ಬೇಕಿತ್ತು, ಅಷ್ಟೇ. ಆದರೆ ಉಳಿದ ನರ್ಸುಗಳು ಗಡಿಬಿಡಿಯಲ್ಲಿ ವ್ಯತ್ಯಾಸ ಗಮನಿಸದೆ, ಬಾಟಲಿಯನ್ನು ನಂಬಿ ನಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಎಲ್ಲರೂ ಶ್ರದ್ಧೆಯಿಂದ ಬರೀ ನೀಲಿ ನೀರು ಉಜ್ಜಿಕೊಂಡು ಒಂದು ಗಾಯದಿಂದ ಇನ್ನೊಂದು ಗಾಯಕ್ಕೆ ನಡೆದಿದ್ದರು.

ಮರುದಿನ ಹಿನಾ ವಾರ್ಡಿಗೆ ಬಂದು ಚಾರ್ಟನ್ನು ಗೋಡೆಯಿಂದ ಬಿಡಿಸಿದಳು. ಯಾರೂ ಹೇಳಿರಲಿಲ್ಲ. ಸುತ್ತಿ ಕಂಕುಳಲ್ಲಿಟ್ಟುಕೊಂಡು, ನಾಲ್ಕನೇ ಮಂಚದ ಮುದುಕನ ಬಳಿ ಹೋಗುವ ಮೊದಲು ಮೂಲೆಯ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದಳು. ಮುದುಕನ ಜ್ವರ ಆ ವಾರ ಇಳಿಯಿತು.

ಪಾಪಾತಿ ಎಣ್ಣೆ ಕೊಡಲು ಹೋಗುವ ದಾರಿಯಲ್ಲಿ ಠಾಣೆಗೆ ಬಂದು ಒಂದೇ ಮಾತು ಕೇಳಿದಳು. ಆ ಬಾಟಲಿಯಲ್ಲಿ ನಿಜವಾದ ಔಷಧ ಇದ್ದಿದ್ದರೆ ನಮ್ಮವರು ಉಳೀತಿದ್ದರಾ?

ರಾಮಮೂರ್ತಿ ಅದನ್ನು ಶ್ರೇಯಾಳ ಹತ್ತಿರವೂ ಸರಕಾರಿ ವೈದ್ಯರ ಹತ್ತಿರವೂ ಕೇಳಿದ. ಇಂದುಜಾಳ ಬಿರುಕಿನಲ್ಲಿ ಬೆಳೆದ ರೋಗಾಣುವೂ ಚಿನ್ನಸಾಮಿಯ ಗಾಯದ ರೋಗಾಣುವೂ ಒಂದೇ ಜಾತಿಯವು. ಆದರೆ ಆ ಜಾತಿಯದು ಎಷ್ಟೋ ಜನರ ಕೈಮೇಲೆ ಇರುತ್ತದಂತೆ. ಅವಳ ಕೈಯಿಂದಲೇ ಅದು ಗಾಯಕ್ಕೆ ಬಂತೆಂದು ಹೇಳಲು ಈ ಜಿಲ್ಲೆಯ ಯಾವ ಲ್ಯಾಬಿಗೂ ಆಗಲಿಲ್ಲ. ಸ್ಪಿರಿಟ್ ಇದ್ದೂ ಗಾಯ ಕೆಡುವುದುಂಟು, ನೀರಿದ್ದೂ ಮಾಗುವುದುಂಟು.

ಪಾಪಾತಿಗೆ ಅವನು ಏನು ಉತ್ತರ ಕೊಟ್ಟನೋ ಗೊತ್ತಿಲ್ಲ. ಅವಳ ಪ್ರಶ್ನೆಗೆ ಉತ್ತರ ಇವತ್ತಿಗೂ ಯಾರಿಗೂ ತಿಳಿದಿಲ್ಲ.