ವರ್ನೆಲ್ ರೈಲು ಹತ್ತಲಿಲ್ಲ

ವರ್ನೆಲ್ ಬಂದವಳೇ, ಯಾರದೋ ಕಿಟಕಿಯಿಂದ ಎಳೆದು ಗಿಟಾರಿಗೆ ಕೊಟ್ಟಿದ್ದ ಕರೆಂಟಿನ ವೈರು ಕಿತ್ತಳು. ಮ್ಯಾಕ್ಸ್‌ವೆಲ್ ಸ್ಟ್ರೀಟಿನ ಭಾನುವಾರದ ಸಂತೆಯಲ್ಲಿ ಗೋಳಾಡುತ್ತಿದ್ದ ಗಿಟಾರ್ ಗಪ್‌ಚಿಪ್ ಆಯಿತು.

ಗಿಟಾರ್ ನುಡಿಸುತ್ತಿದ್ದ ಹೋಸಿಯಾ ತಲೆಯೆತ್ತಿದ. "ವರ್ನೆಲ್? ನೀನು ಶಿಕಾಗೋಗೆ ಯಾವಾಗ ಬಂದೆ?"

"ಅದು ಬಿಡು. ನಾನು ನಿನ್ನ ಬಿಟ್ಟು ಯಾವಾಗ ಹೋದೆ, ಹೇಳು."

ಸುತ್ತಲಿನವರು ಕಿಸಕ್ಕನೆ ನಕ್ಕರು. ವರ್ನೆಲ್ ಕೈಕೊಟ್ಟು ಇನ್ನೊಬ್ಬನ ಜತೆ ರೈಲು ಹತ್ತಿದಳು ಅನ್ನೋ ಅವನ ಬ್ಲೂಸ್ ಗೋಳಿನ ಹಾಡು ಎಲ್ಲರಿಗೂ ಬಾಯಿಪಾಠ. ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸಿ, ಶನಿವಾರದ ಕುಣಿತಗಳಿಗೆ ಗಿಟಾರ್ ನುಡಿಸಿ, ಇಲ್ಲಿ ಕಸಾಯಿಖಾನೆಯಲ್ಲಿ ಮಾಂಸ ಹೊತ್ತವನಿಗೆ ಹೆಸರು ತಂದುಕೊಟ್ಟದ್ದು ಆ ಒಂದೇ ರೆಕಾರ್ಡು.

ನಿಜ ಹೇಳಬೇಕೆಂದರೆ ರೈಲು ಹತ್ತಿದವನು ಅವನು. ಬೇಗ ಕರೆಸ್ಕೋತೀನಿ ಅಂದು ಹೋದವನ ಸುದ್ದಿಯೇ ಇಲ್ಲ. ಕಾದು ಸಾಕಾಗಿ ವರ್ನೆಲ್ ಇಲ್ಲಿರುವ ಅಕ್ಕನ ಮನೆಗೆ ತಾನೇ ಬಂದಳು, ಚರ್ಚಿನ ಹಾಡುಗಾರರ ಗುಂಪಿಗೆ ಸೇರಿದಳು. ಈಗ ಗುಂಪಿನ ಹಿರಿಯಾಕೆ ಮದರ್ ಟಿಬ್ಸ್, "ಆ ಹಾಡು ಕೇಳಿ ಜನ ಏನೇನೋ ಅಂತಿದಾರಮ್ಮ, ಸ್ವಲ್ಪ ದಿನ ಹಾಡೋದು ಬಿಟ್ಟು ಹಿಂದೆ ಕೂತ್ಕೋ" ಅಂದುಬಿಟ್ಟಿದ್ದರು. ಅವಳ ಮೈಯೆಲ್ಲ ಉರಿಯುತ್ತಿತ್ತು.

"ಅದು ಹಾಡು ಕಣೇ," ಹೋಸಿಯಾ ದನಿ ತಗ್ಗಿಸಿದ. "ಬ್ಲೂಸ್‌ನಲ್ಲಿ ಹೆಂಗಸು ಬಿಟ್ಟು ಹೋಗ್ಲೇಬೇಕು."

"ಹೋಗೋಳಿಗೆ ಬೇರೆ ಹೆಸರಿಡಬೇಕಿತ್ತು. ಹೆಸರಿಗೇನು ಬರವಾ?"

"ಇಟ್ಟು ನೋಡಿದೆ. ಗಂಟಲಿಂದ ಹಾಡೇ ಹೊರಡ್ಲಿಲ್ಲ."

ಹಾಗಂದು ಓರೆಗಣ್ಣಲ್ಲಿ ನೋಡಿದ, ತುಟಿಯಂಚಲ್ಲಿ ಅದೇ ಹಳೇ ನಗು. ವರ್ನೆಲ್‌ಗೆ ಎದೆ ಝಲ್ಲೆಂದಿತು. ಹಾಗಾದದ್ದಕ್ಕೇ ಸಿಟ್ಟು ಇನ್ನೂ ಏರಿತು.

"ಆ ನೋಟ ನನ್ನ ಹತ್ರ ಬೇಡ. ಯಾಕೆ ಕರೆಸ್ಕೊಳ್ಳಲಿಲ್ಲ?"

ಅವನ ನಗು ಇಳಿಯಿತು. "ಕಸಾಯಿಖಾನೆ ಆಳುಗಳೆಲ್ಲ ಒಂದೇ ಕೋಣೇಲಿ ಕುರಿಗಳ ಥರ ಮಲಗ್ತಿದ್ವಿ. ಮೈಯೆಲ್ಲ ರಕ್ತದ ನಾತ. ಯಾವ ಮುಖ ಇಟ್ಕೊಂಡು ಕರೀಲಿ? ನಾನು ಬಿಟ್ಟು ಬಂದೆ ಅನ್ನೋದಕ್ಕಿಂತ ನೀನು ಬಿಟ್ಟೆ ಅನ್ನೋದು ಸುಲಭ ಆಯ್ತು."

"ನಿನಗೆ ಸುಲಭ ಆಯ್ತು. ನನ್ನ ಮಾನ ಹರಾಜಾಯ್ತು."

"ಇಲ್ಲೇ, ಈಗಲೇ ನಿಜ ಹಾಡ್ತೀನಿ."

"ಈ ಸಂತೆ ಜನ ನನಗೇನಾಗಬೇಕು? ಸಂಜೆ ಚರ್ಚಿಗೆ ಬಾ. ಎಲ್ಲರೂ ಎದ್ದು ತಮ್ಮ ಬದುಕಿನ ಬಗ್ಗೆ ದೇವರೆದುರು ಸಾಕ್ಷಿ ಹೇಳೋ ಹೊತ್ತಲ್ಲಿ ನೀನೂ ಹೇಳು."

ಹೋಸಿಯಾ ಬೆವತುಹೋದ. ಬ್ಲೂಸ್ ಸೈತಾನನ ಸಂಗೀತ ಅನ್ನೋ ಜನ ಆ ಚರ್ಚಿನವರು. "ಹಾಡು ಸುಳ್ಳು ಅಂತ ಊರಿಗೆಲ್ಲ ಗೊತ್ತಾದ್ರೆ ಮುಂದೆ ಯಾರು ಕೇಳ್ತಾರೆ? ಅದೇ ಕಣೇ ನನ್ನ ಅನ್ನ."

"ಹಾಗಾದ್ರೆ ಅದನ್ನೇ ಉಣ್ಕೊಂಡಿರು." ಬಿರಬಿರನೆ ಹೊರಟುಹೋದಳು.

ಸಂಜೆ ಚರ್ಚಿನಲ್ಲಿ ಕೊನೆಯ ಸಾಲಲ್ಲಿ ಕೂತಳು. ಪ್ರಾರ್ಥನೆ ತಲೆಗೆ ಹತ್ತಲಿಲ್ಲ. ಸಾಕ್ಷಿ ಹೇಳುವ ಹೊತ್ತಾಯಿತು. ಹಿಂದೆ ಬಾಗಿಲು ಕಿರ್ರೆಂದಿತು. ಹೋಸಿಯಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಆ ಹಾಡು ನಂದು," ಅಂದ. "ರೈಲು ಹತ್ತಿ ಓಡಿದವನು ನಾನು. ವರ್ನೆಲ್ ಕಾದಳು. ಅವಳ ಮೇಲೆ ಸುಳ್ಳು ಹಾಡಿದೆ."

ಮದರ್ ಟಿಬ್ಸ್ ಬೀಸಣಿಗೆ ನಿಲ್ಲಿಸಿದರು. "ಜೋರಾಗಿ ಹೇಳಪ್ಪ. ಮುಂದಿನ ಸಾಲಿಗೆ ಕೇಳ್ಲಿಲ್ಲ."

ಅವನು ಎಲ್ಲವನ್ನೂ ಮತ್ತೆ ಜೋರಾಗಿ ಹೇಳಿದ. ಕೊನೆಗೆ, "ಈಗಲೂ ಅವಳಂದ್ರೆ ನನಗೆ ಪ್ರಾಣ," ಅಂತ ಸೇರಿಸಿದ.

"ಅದನ್ನ ಯಾರು ಕೇಳಿದ್ರು?" ವರ್ನೆಲ್ ಗೊಣಗಿದಳು. ಕಣ್ಣು ತುಂಬಿ ಬಂದಿತ್ತು. ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು.

ಅವನು ಕೂತು, "ಸಿಟ್ಟು ಇಳೀತಾ?" ಅಂತ ಪಿಸುಗುಟ್ಟಿದ.

"ಎಲ್ಲಿ ಇಳೀತು? ಬೈಯೋದು ಇನ್ನೂ ಬೇಕಾದಷ್ಟಿದೆ. ಊಟಕ್ಕೆ ಮನೆಗೆ ಬಾ."